ಎಂಟೂ ಲೈಟ್ ಹತ್ತಿತ್ತು, ಕೇಬಲ್ ಮಾತ್ರ ಓಡ್ಲಿಲ್ಲ

ವೈಟ್ ಆರೆಂಜ್, ಆರೆಂಜ್, ವೈಟ್ ಗ್ರೀನ್, ಬ್ಲೂ, ವೈಟ್ ಬ್ಲೂ, ಗ್ರೀನ್, ವೈಟ್ ಬ್ರೌನ್, ಬ್ರೌನ್.

ಮೊದಲನೇ ವರ್ಷದ ಲ್ಯಾಬ್ ಎಕ್ಸಾಮ್ ಹಿಂದಿನ ರಾತ್ರಿ ಹಾಸ್ಟೆಲ್ ಕಾರಿಡಾರ್‌ನಲ್ಲಿ ಓಡಾಡ್ತಾ ನಾವೆಲ್ಲ ಇದನ್ನ ಮಗ್ಗಿ ಥರ ಬಾಯಿಪಾಠ ಮಾಡಿದ್ವಿ. ನೆಟ್‌ವರ್ಕ್ ಕೇಬಲ್ ಒಳಗಿನ ಎಂಟು ತಂತಿಗಳನ್ನ ಕನೆಕ್ಟರ್‌ನಲ್ಲಿ ಯಾವ ಸಾಲಿನಲ್ಲಿ ಕೂರಿಸಬೇಕು ಅನ್ನೋ ಪಟ್ಟಿ ಇದು. ಹೆಸರು ಟಿ568ಬಿ. ಎಕ್ಸಾಮ್‌ನಲ್ಲಿ ಕೇಬಲ್ ಕ್ರಿಂಪ್ ಮಾಡಿದ್ವಿ, ಟೆಸ್ಟರ್‌ಗೆ ಚುಚ್ಚಿದ್ವಿ, ಎಂಟು ಲೈಟ್ ಸಾಲಾಗಿ ಹತ್ತಿದ್ವು, ಮಾರ್ಕ್ಸ್ ಬಿತ್ತು. ಒಂದು ತಿಂಗಳಲ್ಲಿ ಪಟ್ಟಿ ಮರೆತೂ ಹೋಯ್ತು. ನೆನಪಲ್ಲಿ ಉಳಿದಿದ್ದು ಸೀನಿಯರ್‌ಗಳು ಹೇಳಿದ ಒಂದೇ ಮಾತು: "ಬಣ್ಣ ಯಾವ್ದಾದ್ರೂ ಇರ್ಲಿ ಮಗಾ, ಎರಡೂ ಕಡೆ ಒಂದೇ ಥರ ಇದ್ರೆ ಸಾಕು."

ಈ ಮಾತು ಅರ್ಧ ನಿಜ. ಉಳಿದ ಅರ್ಧ ಏನು ಅಂತ ಗೊತ್ತಾಗೋಕೆ ಈ ವರ್ಷದ ಫೆಸ್ಟ್ ಬರಬೇಕಾಯ್ತು. ಮೊದಲು ಆ ಕಥೆ ಹೇಳ್ತೀವಿ, ಆಮೇಲೆ ಎಲ್ಲರ ಮುಂದೆ ಒಂದು ಬೇಡಿಕೆ ಇಡ್ತೀವಿ. ನಾವು ನಾಲ್ಕೂ ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದು ಇದೇ ಮೊದಲು. ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಆ ರಾತ್ರಿ ನಡೆದಿದ್ದು

ಫೆಸ್ಟ್‌ನಲ್ಲಿ ಗೇಮಿಂಗ್ ಇವೆಂಟ್‌ಗೆ ಸೆಮಿನಾರ್ ಹಾಲ್‌ನಲ್ಲಿ ಹತ್ತು ಕಂಪ್ಯೂಟರ್ ಜೋಡಿಸೋ ಕೆಲಸ ನಮ್ಮ ತಲೆಗೆ ಬಂತು. ಹಾಲ್‌ನಲ್ಲಿ ಒಂದು ಸ್ವಿಚ್, ಅಲ್ಲಿಂದ ಮೇಲಿನ ಮಹಡಿ ಲ್ಯಾಬ್‌ನ ಸ್ವಿಚ್‌ಗೆ ಒಂದು ಉದ್ದ ಕೇಬಲ್. ಸುಮಾರು 70 ಮೀಟರ್. ಬಣ್ಣದ ಪಟ್ಟಿ ನೆನಪಿರಲಿಲ್ಲ, ಸೀನಿಯರ್ ಮಂತ್ರ ನೆನಪಿತ್ತು. ಸರಿ, ನೋಡೋಕೆ ಅಚ್ಚುಕಟ್ಟಾಗಿ ಕಾಣೋ ಹಾಗೆ ಜೋಡಿಸಿದ್ವಿ. ಬಿಳಿ-ಕಿತ್ತಳೆ ಪಕ್ಕ ಕಿತ್ತಳೆ, ಬಿಳಿ-ಹಸಿರು ಪಕ್ಕ ಹಸಿರು, ಬಿಳಿ-ನೀಲಿ ಪಕ್ಕ ನೀಲಿ, ಬಿಳಿ-ಕಂದು ಪಕ್ಕ ಕಂದು. ಎರಡೂ ತುದಿಯಲ್ಲಿ ಹಾಗೇ. ಟೆಸ್ಟರ್ ಹಾಕಿದ್ವಿ, ಒಂದರಿಂದ ಎಂಟರವರೆಗೆ ಒಂದೂ ತಪ್ಪದೆ ಲೈಟ್ ಹತ್ತಿತು.

ಎರಡು ಮೂರು ಮೀಟರ್‌ನ ಚಿಕ್ಕ ಕೇಬಲ್‌ಗಳೆಲ್ಲ ಓಡಿದ್ವು. ಉದ್ದದ್ದು ಮಾತ್ರ ಕೈ ಕೊಡ್ತು. ಸ್ವಿಚ್ ಲೈಟ್ ಹತ್ತುತ್ತೆ, ಆರುತ್ತೆ. ಹತ್ತು ಪಿಂಗ್ ಕಳಿಸಿದ್ರೆ ಮೂರೋ ನಾಲ್ಕೋ ವಾಪಸ್ ಬರುತ್ತೆ. ರಾತ್ರಿ ಹನ್ನೊಂದರಿಂದ ಬೆಳಗಿನ ನಾಲ್ಕರವರೆಗೆ ಸ್ವಿಚ್ ಬದಲಾಯಿಸಿದ್ವಿ, ಡ್ರೈವರ್ ಮತ್ತೆ ಹಾಕಿದ್ವಿ, ಐಪಿ ಅಡ್ರೆಸ್ ಎಲ್ಲ ತಿದ್ದಿದ್ವಿ. ಒಬ್ಬರಿಗೊಬ್ಬರು ಬೈದುಕೊಂಡಿದ್ದೂ ಆಯ್ತು. ಕೇಬಲ್ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಟೆಸ್ಟರ್ ಓಕೆ ಅಂದಿದೆಯಲ್ಲ!

ಬೆಳಿಗ್ಗೆ ಕ್ಯಾಂಪಸ್‌ಗೆ ಸಿಸಿಟಿವಿ ಕೆಲಸಕ್ಕೆ ಒಬ್ಬ ಅಣ್ಣ ಬಂದಿದ್ರು. ಊರಲ್ಲಿ ಮನೆಮನೆಗೆ ಇಂಟರ್ನೆಟ್ ಎಳೆಯೋರು. ನಮ್ಮ ಮುಖ ನೋಡಿ, "ಏನ್ರಪ್ಪ, ರಾತ್ರಿಯೆಲ್ಲ ಇಲ್ಲೇ ಇದ್ರಾ?" ಅಂದ್ರು. ಸ್ವಿಚ್ ಹೋಗಿದೆ ಅಣ್ಣ, ಕೇಬಲ್ ಸರಿ ಇದೆ ಅಂದ್ವಿ. ಅವರು ಏನೂ ಮಾತಾಡದೆ ಕನೆಕ್ಟರನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರು.

"ಜೋಡಿ ಒಡೆದಿದೀರಲ್ಲಪ್ಪ. ಹಸ್ರು ಪಕ್ಕ ಹಸ್ರೇ ಕೂರ್ಸಿದೀರ. ಹಿಂಗ್ ಮಾಡಿದ್ರೆ ಗಿಡ್ಡ ಕೇಬಲ್ ಓಡುತ್ತೆ, ಉದ್ದದ್ದು ಓಡಲ್ಲ."

ಹಸಿರು ಪಕ್ಕ ಹಸಿರು ಕೂರಿಸಿದ್ರೆ ಜೋಡಿ ಕೂಡಿದ ಹಾಗಲ್ವಾ, ಒಡೆದ ಹಾಗೆ ಹೇಗೆ? ನಾವು ಬಾಯಿ ಬಿಡೋದ್ರೊಳಗೆ ಅವರು ಎರಡೂ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ್ರು. ಹತ್ತು ನಿಮಿಷ. ಕೇಬಲ್ ಓಡ್ತು.

"ಯಾಕಣ್ಣ ಹಂಗೆ?" ಅಂತ ಕೇಳಿದ್ವಿ.

"ಯಾಕೆ ಅಂತ ನಂಗೊತ್ತಿಲ್ಲಪ್ಪ. ಹಂಗ್ ಮಾಡಿದ್ರೆ ಓಡಲ್ಲ ಅಂತ ಗೊತ್ತು. ಯಾಕೆ ಅನ್ನೋದು ನೀವು ಓದಿರ್ತೀರಲ್ಲ, ನೀವೇ ಹೇಳಿ."

ನಾಲ್ಕು ಜನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮುಖ ಮುಖ ನೋಡ್ಕೊಂಡು ನಿಂತ್ವಿ. ನೋಟ್ಸ್‌ನಲ್ಲಿ ಕ್ರಾಸ್‌ಟಾಕ್ ಅಂತ ಇದೆ, ಡಿಫರೆನ್ಷಿಯಲ್ ಸಿಗ್ನಲ್ ಅಂತ ಇದೆ, ಎಕ್ಸಾಮ್‌ನಲ್ಲಿ ಬರೆದಿದ್ದೂ ಇದೆ. ಎದುರಿಗೆ ನಿಂತು ಕೇಳಿದವರಿಗೆ ಒಂದು ವಾಕ್ಯ ಹೇಳೋಕೆ ಬರಲಿಲ್ಲ. ಮೊದಲು ಕನ್ನಡ ಬರಲ್ಲ ಅದಕ್ಕೆ ಅಂತ ಸಮಾಧಾನ ಮಾಡ್ಕೊಂಡ್ವಿ. ಆಮೇಲೆ ರೂಮಿಗೆ ಹೋಗಿ ನಮ್ಮನಮ್ಮಲ್ಲೇ ಇಂಗ್ಲಿಷ್‌ನಲ್ಲಿ ಹೇಳೋಕೆ ಪ್ರಯತ್ನಪಟ್ವಿ. ಅದೂ ಬರಲಿಲ್ಲ. ಅಂದ್ರೆ ನಮಗೆ ವಿಷಯವೇ ಗೊತ್ತಿರಲಿಲ್ಲ.

ಅಣ್ಣ ಕೇಳಿದ್ದಕ್ಕೆ ಉತ್ತರ

ಅವತ್ತು ಕೊಡಬೇಕಿದ್ದ ಉತ್ತರ ಈಗ ಬರೀತೀವಿ. ಓದಿ, ಜಗಳ ಆಡಿ, ಸರ್ ಒಬ್ಬರನ್ನ ಕಾಡಿ ಅರ್ಥ ಮಾಡ್ಕೊಂಡಿದ್ದು ಇಷ್ಟು.

ಈ ಕೇಬಲ್‌ನಲ್ಲಿ ಒಂದು ಸಿಗ್ನಲ್ ಹೋಗೋಕೆ ಎರಡು ತಂತಿ ಬೇಕು. ಒಂದರಲ್ಲಿ ವೋಲ್ಟೇಜ್ ಮೇಲಕ್ಕೆ ಹೋದಾಗ ಇನ್ನೊಂದರಲ್ಲಿ ಅಷ್ಟೇ ಕೆಳಕ್ಕೆ ಹೋಗುತ್ತೆ. ಆ ತುದಿಯಲ್ಲಿರೋ ಸ್ವಿಚ್ ಎರಡರ ವ್ಯತ್ಯಾಸ ಮಾತ್ರ ನೋಡುತ್ತೆ. ದಾರಿಯಲ್ಲಿ ಟ್ಯೂಬ್‌ಲೈಟ್, ಲಿಫ್ಟ್ ಮೋಟಾರ್, ಪಕ್ಕದ ಕೇಬಲ್, ಎಲ್ಲದರಿಂದ ಗದ್ದಲ ಬಂದು ತಂತಿ ಮೇಲೆ ಬೀಳುತ್ತೆ. ಆ ಗದ್ದಲ ಎರಡೂ ತಂತಿ ಮೇಲೆ ಸಮನಾಗಿ ಬಿದ್ರೆ, ಒಂದರಿಂದ ಇನ್ನೊಂದನ್ನ ಕಳೆದಾಗ ಸೊನ್ನೆ ಆಗುತ್ತೆ. ಸಿಗ್ನಲ್ ಮಾತ್ರ ಉಳಿಯುತ್ತೆ.

ಸಮನಾಗಿ ಬೀಳೋ ಹಾಗೆ ಮಾಡೋದು ಹೇಗೆ? ಎರಡು ತಂತಿಯನ್ನ ಹೊಸೆದು ಬಿಡೋದು. ಅಜ್ಜಿ ದೀಪಕ್ಕೆ ಬತ್ತಿ ಹೊಸೆದ ಹಾಗೆ. ಆಗ ಒಮ್ಮೆ ಈ ತಂತಿ ಗದ್ದಲಕ್ಕೆ ಹತ್ತಿರ, ಮುಂದಿನ ಸುತ್ತಿನಲ್ಲಿ ಆ ತಂತಿ ಹತ್ತಿರ. ಒಟ್ಟಾರೆ ಇಬ್ಬರಿಗೂ ಸಮಪಾಲು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಟೆಲಿಫೋನ್‌ಗೆ ಅಂತ ಇದರ ಪೇಟೆಂಟ್ ತಗೊಂಡಿದ್ರು. ಇವತ್ತು ನಮ್ಮ ಲ್ಯಾಬ್‌ನ ಕೇಬಲ್ ಒಳಗೆ ಇರೋದು ಅದೇ ಉಪಾಯ. ಒಂದು ಕೇಬಲ್ ತುಂಡು ಸಿಕ್ರೆ ಹೊರ ಸಿಪ್ಪೆ ಸುಲಿದು ನೋಡಿ. ನಾಲ್ಕು ಜೋಡಿಯ ಹುರಿ ನಾಲ್ಕು ಥರ ಇರುತ್ತೆ. ಒಂದು ಜೋಡಿಗೆ ಬಿಗಿ ಹುರಿ, ಇನ್ನೊಂದಕ್ಕೆ ಸ್ವಲ್ಪ ಸಡಿಲ. ಎಲ್ಲ ಜೋಡಿಗೂ ಒಂದೇ ಅಳತೆ ಹುರಿ ಇದ್ರೆ ಅಕ್ಕಪಕ್ಕದ ಜೋಡಿಗಳ ತಂತಿಗಳು ಉದ್ದಕ್ಕೂ ಒಂದರ ಪಕ್ಕ ಒಂದು ಬಂದು, ಒಂದರ ಮಾತು ಇನ್ನೊಂದಕ್ಕೆ ಸೋರುತ್ತೆ. ಅದಕ್ಕೆ ಬೇಕಂತಲೇ ಬೇರೆ ಬೇರೆ.

ಈಗ ನಮ್ಮ ತಪ್ಪಿಗೆ ಬನ್ನಿ. ಕನೆಕ್ಟರ್‌ನ ಎಂಟು ಪಿನ್‌ನಲ್ಲಿ ಯಾವುದಕ್ಕೆ ಯಾವುದು ಜೋಡಿ ಅಂತ ಸ್ವಿಚ್ ಮೊದಲೇ ತೀರ್ಮಾನ ಮಾಡಿದೆ: 1 ಮತ್ತು 2, 3 ಮತ್ತು 6, 4 ಮತ್ತು 5, 7 ಮತ್ತು 8. ನಾವು ಮಾಡಿದ ಕೇಬಲ್‌ನಲ್ಲಿ 3ರಲ್ಲಿ ಬಿಳಿ-ಹಸಿರು, 6ರಲ್ಲಿ ನೀಲಿ ಇತ್ತು. ಸ್ವಿಚ್ ಪಾಲಿಗೆ ಅವೆರಡೂ ಗಂಡ ಹೆಂಡತಿ, ಕೇಬಲ್ ಒಳಗೆ ಮಾತ್ರ ಬೇರೆ ಬೇರೆ ಮನೆ. ಹುರಿ ಇದ್ದೂ ಉಪಯೋಗಕ್ಕೆ ಬರಲಿಲ್ಲ. ಅಣ್ಣ ಜೋಡಿ ಒಡೆದಿದೀರ ಅಂದಿದ್ದು ಇದಕ್ಕೆ.

ಟೆಸ್ಟರ್ ಯಾಕೆ ಹೇಳಲಿಲ್ಲ? ನಮ್ಮ ಲ್ಯಾಬ್‌ನ ಅಗ್ಗದ ಟೆಸ್ಟರ್ ನೋಡೋದು ಒಂದೇ ವಿಷಯ. ಈ ತುದಿಯ 3ಕ್ಕೆ ಕೊಟ್ಟ ಕರೆಂಟ್ ಆ ತುದಿಯ 3ಕ್ಕೆ ಬಂತಾ? ಬಂದ್ರೆ ಲೈಟ್. ಯಾವ ತಂತಿ ಯಾವುದರ ಜೊತೆ ಹೊಸೆದಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಅದನ್ನ ಹಿಡಿಯೋಕೆ ಕ್ರಾಸ್‌ಟಾಕ್ ಅಳೆಯೋ ದುಬಾರಿ ಮಷಿನ್ ಬೇಕು, ಇಲ್ಲಾಂದ್ರೆ ಬೆಳಕಿಗೆ ಹಿಡಿದು ನೋಡೋ ಕಣ್ಣು ಬೇಕು.

ಗಿಡ್ಡ ಕೇಬಲ್ ಓಡಿದ್ದು ಯಾಕೆ? ಎರಡು ಮೀಟರ್‌ನಲ್ಲಿ ಸಿಗ್ನಲ್ ಇನ್ನೂ ಗಟ್ಟಿಯಾಗಿರುತ್ತೆ, ಗದ್ದಲ ಇದ್ರೂ ಕೇಳಿಸುತ್ತೆ. 70 ಮೀಟರ್ ದಾಟಿ ಬಂದ ಸಿಗ್ನಲ್ ಸೊರಗಿರುತ್ತೆ, ಅದೇ ಹೊತ್ತಿಗೆ ಈ ತುದಿಯಿಂದ ಹೊರಡೋ ಸಿಗ್ನಲ್ ಜೋರಾಗಿರುತ್ತೆ. ಮೆಸ್‌ನಲ್ಲಿ ಪಕ್ಕದವನು ಕಿರುಚ್ತಾ ಇರುವಾಗ ಫೋನ್‌ನಲ್ಲಿ ಅಮ್ಮನ ಮಾತು ಕೇಳಿಸದ ಹಾಗೆ. 100 ಎಂಬಿಪಿಎಸ್ ವೇಗದಲ್ಲಿ 1-2 ಮತ್ತು 3-6 ಜೋಡಿ ಮಾತ್ರ ಕೆಲಸ ಮಾಡುತ್ತೆ. ಗಿಗಾಬಿಟ್‌ನಲ್ಲಿ ನಾಲ್ಕೂ ಜೋಡಿ ದುಡಿಯುತ್ತೆ, ಒಂದೊಂದು 250 ಎಂಬಿಪಿಎಸ್ ಹೊರುತ್ತೆ, ಅದೂ ಎರಡೂ ದಿಕ್ಕಿಗೆ ಒಟ್ಟಿಗೆ. ಅಲ್ಲಿ ಒಡೆದ ಜೋಡಿ ಇದ್ರೆ ಕಥೆ ಇನ್ನೂ ಕೆಟ್ಟದ್ದು.

ಹಾಗಾದ್ರೆ 3ರ ಜೋಡಿ 4 ಯಾಕಲ್ಲ, 6 ಯಾಕೆ? ನಮ್ಮನ್ನ ತುಂಬ ಕಾಡಿದ ಪ್ರಶ್ನೆ ಇದು. ಉತ್ತರ ಅಮೆರಿಕದ ಟೆಲಿಫೋನ್‌ನಲ್ಲಿದೆ. ಅಲ್ಲಿನ ಫೋನ್ ಸಾಕೆಟ್‌ನಲ್ಲಿ ಮೊದಲನೇ ಲೈನ್ ನಡುವಿನ ಎರಡು ಪಿನ್‌ಗೆ, ಎರಡನೇ ಲೈನ್ ಅದರ ಆಚೆ ಈಚೆ. ಎಂಟು ಪಿನ್ ಕನೆಕ್ಟರ್‌ನಲ್ಲಿ ಅದು 4-5 ಮತ್ತು 3-6 ಆಗುತ್ತೆ. ಶುರುವಿನ ಈಥರ್ನೆಟ್ ದಪ್ಪನೆಯ ಕೋಆಕ್ಸಿಯಲ್ ಕೇಬಲ್ ಮೇಲೆ ಓಡ್ತಿತ್ತು. ಒಂದೇ ಕೇಬಲ್‌ಗೆ ಎಲ್ಲ ಕಂಪ್ಯೂಟರ್, ಎಲ್ಲಾದ್ರೂ ಒಂದು ಕಡೆ ತುಂಡಾದ್ರೆ ಎಲ್ಲರಿಗೂ ಕಟ್. 1990ರಲ್ಲಿ ಬಂದ 10ಬೇಸ್-ಟಿ ಟೆಲಿಫೋನ್ ಥರದ ಹೊಸೆದ ತಂತಿಗೆ ಬಂತು. ಅದು 1-2 ಮತ್ತು 3-6 ಬಳಸಿ ನಡುವಿನ 4-5ನ್ನ ಮುಟ್ಟದೆ ಫೋನ್‌ಗೆ ಬಿಟ್ಟಿತು. ನಾವು ಸುಮ್ಮನೆ ಉರು ಹೊಡೆದ ಬಣ್ಣದ ಸಾಲಿನ ನಡುವೆ ನೀಲಿ ಕೂತಿರೋದಕ್ಕೆ, ಹಸಿರು ಅದರ ಆಚೆ ಈಚೆ ನಿಂತಿರೋದಕ್ಕೆ ಇಷ್ಟೆಲ್ಲ ಕಾರಣ ಇದೆ.

1991ರಲ್ಲಿ ಅಮೆರಿಕದ ಇಐಎ, ಟಿಐಎ ಸಂಸ್ಥೆಗಳು ಕಟ್ಟಡದೊಳಗಿನ ವೈರಿಂಗ್‌ಗೆ 568 ಅನ್ನೋ ಮಾನದಂಡ ತಂದ್ವು. ಟಿ568ಎ, ಟಿ568ಬಿ ಅನ್ನೋ ಎರಡು ಸಾಲು ಅದೇ ಮಾನದಂಡದ ಮನೆತನದವು. ಎರಡಕ್ಕೂ ವ್ಯತ್ಯಾಸ ಇಷ್ಟೇ: ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ ಜಾಗ ಅದಲು ಬದಲು. ವೇಗದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಒಂದು ತುದಿ ಎ, ಇನ್ನೊಂದು ತುದಿ ಬಿ ಹಾಕಿದ್ರೆ ಕ್ರಾಸ್‌ಓವರ್ ಕೇಬಲ್ ಆಗುತ್ತೆ. ಮೊದಲು ಎರಡು ಕಂಪ್ಯೂಟರ್ ನೇರ ಜೋಡಿಸೋಕೆ ಅದು ಬೇಕಿತ್ತು, ಈಗಿನ ಪೋರ್ಟ್‌ಗಳು ತಾವೇ ಸರಿ ಮಾಡ್ಕೊಳ್ತವೆ. ವೈವಾದಲ್ಲಿ ಇವತ್ತಿಗೂ ಕ್ರಾಸ್‌ಓವರ್ ಬಗ್ಗೆ ಕೇಳ್ತಾರೆ. ಒಡೆದ ಜೋಡಿ ಬಗ್ಗೆ ಯಾರೂ ಕೇಳಲ್ಲ.

ನಮ್ಮ ಅಭಿಪ್ರಾಯ

ಅವತ್ತು ಬೆಳಿಗ್ಗೆ ಆ ಹಾಲ್‌ನಲ್ಲಿ ಅಣ್ಣನಿಗೆ 'ಏನು' ಅನ್ನೋದು ಗೊತ್ತಿತ್ತು, ನಮ್ಮ ಪುಸ್ತಕಕ್ಕೆ 'ಯಾಕೆ' ಅನ್ನೋದು ಗೊತ್ತಿತ್ತು. ಎರಡೂ ಒಂದೇ ಕೋಣೆಯಲ್ಲಿದ್ದೂ ಒಂದಕ್ಕೊಂದು ಮಾತಾಡಿಸಲಿಲ್ಲ. ಮಧ್ಯೆ ಇದ್ದ ಗೋಡೆಗೆ ನಾವೇ ಎರಡು ಕಡೆಯಿಂದ ಇಟ್ಟಿಗೆ ಇಟ್ಟಿದ್ದೀವಿ. ಒಂದು ಉರು ಹೊಡೆಯೋದು. ಇನ್ನೊಂದು ಭಾಷೆ.

ಅವರ ಕಡೆಯಿಂದ ಯೋಚನೆ ಮಾಡಿ. ಕೇಬಲ್ ಮಾನದಂಡ ಇಂಗ್ಲಿಷ್‌ನಲ್ಲಿದೆ, ಅದನ್ನ ಓದಬೇಕಂದ್ರೆ ದುಡ್ಡು ಕೊಟ್ಟು ಕೊಳ್ಳಬೇಕು. ವರ್ಷಗಟ್ಟಲೆ ಈ ಕೆಲಸ ಮಾಡ್ತಿರೋರಿಗೆ ಕಾರಣ ಹೇಳೋ ಒಂದು ಹಾಳೆ ಅವರ ಭಾಷೆಯಲ್ಲಿ ಕೈಗೆ ಸಿಕ್ಕಿಲ್ಲ. ಏಟು ತಿಂದು ತಿಂದು ಕಲಿತಿದ್ದಾರೆ. ಹಾಗೆ ಕಲಿತಾಗ ಗೊತ್ತಿರೋ ತಪ್ಪು ಮಾತ್ರ ಗೊತ್ತಾಗುತ್ತೆ, ಹೊಸ ತಪ್ಪು ಎದುರಾದಾಗ ದಾರಿ ಇರಲ್ಲ. ಆ ಅಣ್ಣನೇ ನಮ್ಮ ಹತ್ತಿರ ಆಮೇಲೆ ಹೇಳಿದ್ರು, ಒಂದು ಕಡೆ ಕ್ಯಾಮೆರಾ ರಾತ್ರಿ ಹೊತ್ತು ಮಾತ್ರ ಆಫ್ ಆಗ್ತಿತ್ತಂತೆ, ಎರಡು ವಾರ ಅಲೆದರೂ ಕಾರಣ ಸಿಗಲಿಲ್ಲವಂತೆ. ಕೊನೆಗೆ ಬೇರೆ ಕೇಬಲ್ ಎಳೆದ್ರಂತೆ, ಸರಿ ಹೋಯ್ತಂತೆ. ಹಳೇ ತುಂಡು ಇನ್ನೂ ಅವರ ಚೀಲದಲ್ಲಿತ್ತು. ಬ್ಲೇಡಿನಿಂದ ತಂತಿ ಕೆರೆದು ನೋಡಿದ್ವಿ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅಂಗಡಿಯಲ್ಲಿ ಸಿಸಿಎ ಅಂತಾರೆ. ಅಲ್ಯೂಮಿನಿಯಂ ರೋಧ ತಾಮ್ರದ ಒಂದೂವರೆ ಪಟ್ಟಿಗಿಂತ ಜಾಸ್ತಿ. ಆ ಕ್ಯಾಮೆರಾಗೆ ಕರೆಂಟ್ ಕೂಡ ಇದೇ ಕೇಬಲ್‌ನಲ್ಲಿ ಹೋಗ್ತಿತ್ತು. ರಾತ್ರಿ ಇನ್‌ಫ್ರಾರೆಡ್ ಲೈಟ್ ಹತ್ತಿದಾಗ ಕರೆಂಟ್ ಜಾಸ್ತಿ ಎಳೆಯುತ್ತೆ, ದಾರಿಯಲ್ಲೇ ವೋಲ್ಟೇಜ್ ಬಿದ್ದು ಹೋಗುತ್ತೆ. ಅದೇ ಕಾರಣ ಇರಬೇಕು ಅಂತ ಓಮ್‌ನ ನಿಯಮ ಇಟ್ಕೊಂಡು ನಾವು ಲೆಕ್ಕ ಹಾಕಿ ತೋರಿಸಿದ್ವಿ. ಪಿಯುಸಿ ಫಿಸಿಕ್ಸ್, ಅಷ್ಟೇ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಅವತ್ತೇ ಯಾರಾದ್ರೂ ಹೇಳಿದ್ರೆ ಎರಡು ವಾರದ ಪೆಟ್ರೋಲ್ ಉಳೀತಿತ್ತು" ಅಂದ್ರು. ನಾವು ಓದಿದ್ದು ಒಬ್ಬರಿಗೆ ಕೆಲಸಕ್ಕೆ ಬಂತು ಅಂತ ನಮಗೆ ಅನ್ನಿಸಿದ್ದು ಅವತ್ತೇ ಮೊದಲು.

ಇದನ್ನ ಕ್ಲಾಸ್‌ನಲ್ಲಿ ಹೇಳಿದಾಗ ಮೂರು ಥರದ ತಕರಾರು ಬಂತು. ಮೂರಕ್ಕೂ ಉತ್ತರ ಕೊಡ್ತೀವಿ.

ಮೊದಲನೇದು: ಎಲ್ಲ ವೈ-ಫೈ ಆಗಿದೆ, ಕೇಬಲ್ ಯಾಕೆ? ಕಾರಿಡಾರ್ ಸೀಲಿಂಗ್ ನೋಡಿ. ಅಲ್ಲಿ ಅಂಟಿಸಿರೋ ಬಿಳಿ ಡಬ್ಬಿಯ ಹಿಂದಿನಿಂದ ಒಂದು ಕೇಬಲ್ ಹೊರಡುತ್ತೆ. ಡೇಟಾನೂ ಅದರಲ್ಲೇ, ಕರೆಂಟೂ ಅದರಲ್ಲೇ. ಪವರ್ ಓವರ್ ಈಥರ್ನೆಟ್ 2003ರಲ್ಲಿ ಮಾನದಂಡ ಆದಾಗ ಒಂದು ಪೋರ್ಟ್ 15.4 ವ್ಯಾಟ್ ಕೊಡ್ತಿತ್ತು, 2009ರಲ್ಲಿ 30 ವ್ಯಾಟ್ ಆಯ್ತು, 2018ರಲ್ಲಿ 90 ವ್ಯಾಟ್‌ವರೆಗೆ ಬಂತು. ವೈ-ಫೈನಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತಾಡಬೇಕು, ಉಳಿದೋರು ಕಾಯಬೇಕು. ಹಾಸ್ಟೆಲ್‌ನಲ್ಲಿ ರಾತ್ರಿ ಒಂಬತ್ತಕ್ಕೆ ನೆಟ್ ಯಾಕೆ ತೆವಳುತ್ತೆ ಅಂತ ಇದರಲ್ಲೇ ಸ್ವಲ್ಪ ಉತ್ತರ ಇದೆ. ವೈ-ಫೈ ಅಂದ್ರೆ ಕೇಬಲ್‌ನ ಕೊನೆಯ ಹತ್ತಿಪ್ಪತ್ತು ಮೀಟರ್ ಮಾತ್ರ ಗಾಳಿಯಲ್ಲಿ ಅಂತ ತಿಳ್ಕೊಳ್ಳಿ.

ಎರಡನೇದು: ಇದೆಲ್ಲ ಐಟಿಐ ಹುಡುಗರ ಕೆಲಸ, ನಾವು ಕೋಡ್ ಬರೆಯೋರು. ಇದು ಕೇಳಿ ನಿಜವಾಗ್ಲೂ ಬೇಜಾರಾಯ್ತು. ನಲವತ್ತು ದಾಟಿದ ಮನುಷ್ಯನಿಗೂ ನಾವು 'ಕೇಬಲ್ ಹುಡುಗ' ಅಂತೀವಲ್ಲ, ಅದೇ ಬುದ್ಧಿ ಇದು. ಆ ರಾತ್ರಿ ಐದು ಗಂಟೆ ನಾವು ಸಾಫ್ಟ್‌ವೇರ್‌ನಲ್ಲಿ ಹುಡುಕಿದ ತಪ್ಪು ಕನೆಕ್ಟರ್‌ನ ಎರಡು ಸೆಂಟಿಮೀಟರ್ ಒಳಗಿತ್ತು. ಕೆಳಗಿನ ಪದರ ಗೊತ್ತಿಲ್ಲದೋನು ಮೇಲಿನ ಪದರದ ತಪ್ಪನ್ನೂ ಸರಿಯಾಗಿ ಹುಡುಕಲಾರ. ಈಥರ್ನೆಟ್ ಕಟ್ಟಿದ ಬಾಬ್ ಮೆಟ್‌ಕಾಫ್ 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಅದರ ಮೊದಲ ಟಿಪ್ಪಣಿ ಬರೆದ್ರು. ಅವರಿಗೆ 2022ರ ಟ್ಯೂರಿಂಗ್ ಪ್ರಶಸ್ತಿ ಬಂತು. ಕಂಪ್ಯೂಟರ್ ಲೋಕದ ಅತಿ ದೊಡ್ಡ ಗೌರವ ತಂತಿ ಮೇಲೆ ಕೆಲಸ ಮಾಡಿದವರಿಗೂ ಸಿಗುತ್ತೆ ಅಂತ ನೆನಪಿರಲಿ.

ಮೂರನೇದು: ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಹೇಳೋಕೆ ಹೋದ್ರೆ ನಗೆಪಾಟಲಾಗುತ್ತೆ. ಇದರಲ್ಲಿ ಸ್ವಲ್ಪ ನಿಜ ಇದೆ, ಯಾಕಂದ್ರೆ ನಾವೇ ಹಾಗೆ ಮಾಡಿದ್ವಿ. ಅಣ್ಣನಿಗೆ ಕೊಡೋಣ ಅಂತ ಒಂದು ಪುಟ ಬರೆದ್ವಿ. ನಿಘಂಟು ಹುಡುಕಿ 'ತಿರುಚಿದ ತಂತಿ ಯುಗ್ಮ' ಅಂತೆಲ್ಲ ಹಾಕಿದ್ವಿ. ಅಣ್ಣ ಓದಿ, ಎರಡನೇ ಸಾಲಿಗೇ ನಿಲ್ಲಿಸಿ, "ಇದೇನಪ್ಪ, ಮದುವೆ ಕರೆಯೋಲೆ ಥರ ಇದೆ" ಅಂದ್ರು. ಆಮೇಲೆ ಪೆನ್ ತಗೊಂಡು ಯುಗ್ಮ ಹೊಡೆದು 'ಜೋಡಿ' ಮಾಡಿದ್ರು, ತಿರುಚು ಅನ್ನೋದು ಹೊಡೆದು 'ಹುರಿ' ಮಾಡಿದ್ರು. ಕೇಬಲ್, ಸ್ವಿಚ್, ಕನೆಕ್ಟರ್ ಅನ್ನೋದನ್ನ ಹಾಗೇ ಬಿಟ್ರು. ಹುರಿ ಅನ್ನೋ ಪದ ಹಗ್ಗ ಮಾಡೋರ ಹತ್ತಿರ ಯಾವತ್ತಿನಿಂದಲೂ ಇದೆ. ಆ ಪದ ಕೇಳಿದ ಮೇಲೆ ನಮಗೇ ವಿಷಯ ಇನ್ನೂ ಚೆನ್ನಾಗಿ ಹಿಡಿತು. ಟ್ವಿಸ್ಟೆಡ್ ಪೇರ್ ಅಂತ ನೂರು ಸಲ ಓದಿದಾಗ ಅದು ಬರೀ ಒಂದು ಹೆಸರಾಗಿತ್ತು. ಹುರಿ ಬಿಚ್ಚಬಾರದು ಅಂದಾಗ ಯಾಕೆ ಬಿಚ್ಚಬಾರದು ಅನ್ನೋ ಪ್ರಶ್ನೆ ತಾನಾಗೇ ಬಂತು. ಇಂಗ್ಲಿಷ್ ಬಿಡಿ ಅಂತ ನಾವು ಹೇಳ್ತಿಲ್ಲ. ನಮಗೆ ಅದು ಬಿಡೋಕೂ ಆಗಲ್ಲ. ಇಂಗ್ಲಿಷ್‌ನಲ್ಲಿ ಓದಿದ್ದು ಕನ್ನಡದಲ್ಲಿ ಹೇಳೋಕೆ ಬಂದ್ರೆ ಅರ್ಥ ಆಗಿದೆ ಅಂತ ಲೆಕ್ಕ, ಇಲ್ಲಾಂದ್ರೆ ಇನ್ನೊಮ್ಮೆ ಓದಬೇಕು ಅಂತ ಲೆಕ್ಕ.

ಆ ಪುಟ

ಅಣ್ಣ ತಿದ್ದಿ ಕೊಟ್ಟ ಪುಟ ಇದು. ಬೇಕಾದೋರು ಪ್ರಿಂಟ್ ತಗೊಂಡು ರ‍್ಯಾಕ್ ಮೇಲೆ ಅಂಟಿಸಬಹುದು.

1. 3 ಮತ್ತು 6ಕ್ಕೆ ಒಂದೇ ಹುರಿಯ ಜೋಡಿ ಬರಬೇಕು. ಎ ಅಥವಾ ಬಿ ಯಾವುದಾದ್ರೂ ಸರಿ, ಇಡೀ ಕಟ್ಟಡಕ್ಕೆ ಒಂದೇ ಇರಲಿ.

2. ಕನೆಕ್ಟರ್ ಹತ್ತಿರ 13 ಮಿಲಿಮೀಟರ್‌ಗಿಂತ ಜಾಸ್ತಿ ಹುರಿ ಬಿಚ್ಚಬೇಡಿ. ಹೊರ ಸಿಪ್ಪೆ ಕನೆಕ್ಟರ್ ಒಳಗೆ ಹೋಗಿ ಕಚ್ಚಿಕೊಂಡಿರಬೇಕು. ಬರೀ ತಂತಿ ಮೇಲೆ ಭಾರ ಬೀಳಬಾರದು.

3. ಒಟ್ಟು ಉದ್ದ 100 ಮೀಟರ್. ಗೋಡೆಯೊಳಗೆ 90, ಎರಡೂ ತುದಿಯ ಪ್ಯಾಚ್ ಕಾರ್ಡ್ ಸೇರಿ 10.

4. ಗೋಡೆಯೊಳಗೆ ಗಟ್ಟಿ ತಂತಿಯ ಕೇಬಲ್. ಕಿತ್ತು ಹಾಕಿ ಮಾಡೋ ಪ್ಯಾಚ್ ಕಾರ್ಡ್‌ಗೆ ಸಣ್ಣ ಎಳೆಗಳ ತಂತಿ. ಗಟ್ಟಿ ತಂತಿಯನ್ನ ಪದೇ ಪದೇ ಬಗ್ಗಿಸಿದ್ರೆ ಒಳಗೇ ಮುರಿಯುತ್ತೆ.

5. ಗಿಗಾಬಿಟ್‌ಗೆ ಕ್ಯಾಟ್ 5ಇ ಸಾಕು. 10 ಗಿಗಾಬಿಟ್ ಬೇಕಂದ್ರೆ ಕ್ಯಾಟ್ 6 ಹೆಚ್ಚಂದ್ರೆ 55 ಮೀಟರ್, ಪೂರ್ತಿ 100 ಮೀಟರ್‌ಗೆ ಕ್ಯಾಟ್ 6ಎ. ಕೇಬಲ್ ಕ್ಯಾಟ್ 6 ತಂದು ಕನೆಕ್ಟರ್ ಕ್ಯಾಟ್ 5ಇ ಹಾಕಿದ್ರೆ ಇಡೀ ಲೈನ್ ಕ್ಯಾಟ್ 5ಇ ಆಗುತ್ತೆ.

6. ಕೇಬಲ್ ದಪ್ಪದ ನಾಲ್ಕು ಪಟ್ಟಿಗಿಂತ ಬಿಗಿಯಾಗಿ ಬಗ್ಗಿಸಬೇಡಿ. ಟೈ ಹಾಕುವಾಗ ಕತ್ತು ಹಿಸುಕಿದ ಹಾಗೆ ಎಳೆಯಬೇಡಿ. ಒಳಗಿನ ಹುರಿಯ ಆಕಾರ ಕೆಡುತ್ತೆ.

7. ಮನೆ ಕರೆಂಟ್ ವೈರ್ ಹೋಗೋ ಪೈಪ್‌ನಲ್ಲಿ ಇದನ್ನ ತುರುಕಬೇಡಿ. ದಾಟಲೇಬೇಕಂದ್ರೆ ಅಡ್ಡಕ್ಕೆ ದಾಟಿಸಿ.

8. ಕೊಳ್ಳೋ ಮೊದಲು ಒಂದು ತಂತಿ ಕೆರೆದು ನೋಡಿ. ಒಳಗೆ ಬೆಳ್ಳಗಿದ್ರೆ ವಾಪಸ್ ಕೊಡಿ.

9. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಫೈಬರ್ ಎಳೆಯಿರಿ. ಎರಡು ಕಟ್ಟಡದ ಅರ್ಥಿಂಗ್ ಒಂದೇ ಮಟ್ಟದಲ್ಲಿರಲ್ಲ, ಸಿಡಿಲು ಬಡಿದಾಗ ತಾಮ್ರದ ಕೇಬಲ್ ಎರಡೂ ಕಡೆಯ ಸ್ವಿಚ್ ಸುಡುತ್ತೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ.

10. ಎರಡೂ ತುದಿಗೆ ಒಂದೇ ನಂಬರ್ ಬರೆದು ಅಂಟಿಸಿ. ನಾಳೆ ಬರೋರಿಗೆ ಪುಣ್ಯ ಬರುತ್ತೆ. (ಇದು ಪೂರ್ತಿ ಅಣ್ಣನ ಸಾಲು.)

ನಮ್ಮ ಬೇಡಿಕೆ

ಲ್ಯಾಬ್ ಎಕ್ಸಾಮ್‌ನಲ್ಲಿ ಕೇಬಲ್ ಮಾಡಿಸೋದು ಬಿಡೋದು ಬೇಡ. ಅದರ ಜೊತೆ ಎಂಟೂ ಲೈಟ್ ಹತ್ತೋ, ಆದ್ರೆ ಓಡದ ಒಂದು ಕೇಬಲ್ ಕೊಟ್ಟು ತಪ್ಪು ಹುಡುಕಿ ಅಂತ ಕೇಳಲಿ. ಬಣ್ಣ ಮರೆತೋನಿಗೆ ಪಟ್ಟಿ ಕೊಟ್ಟು ಬಿಡಲಿ, ಪಟ್ಟಿ ಎಲ್ಲಾದ್ರೂ ಸಿಗುತ್ತೆ. ಯಾಕೆ ಅಂತ ಹೇಳಿದೋನಿಗೆ ಮಾರ್ಕ್ಸ್ ಕೊಡಲಿ. ಕನ್ನಡದಲ್ಲಿ ಹೇಳ್ತೀನಿ ಅಂದ್ರೂ ಕೇಳಿಸ್ಕೊಳ್ಳಲಿ.

ಕ್ಯಾಂಪಸ್‌ನಲ್ಲಿ ಹೊಸ ವೈರಿಂಗ್ ನಡೆಯೋವಾಗ ಎರಡನೇ ವರ್ಷದವರನ್ನ ಒಂದು ಮಧ್ಯಾಹ್ನ ಆ ಕೆಲಸಗಾರರ ಜೊತೆ ಬಿಡಲಿ. ಫೋಟೋ ತೆಗೆಯೋಕಲ್ಲ, ಕೇಬಲ್ ಎಳೆಯೋಕೆ. ಅವರಿಂದ ಕೈ ಕಲೀತೀವಿ, ನಮಗೆ ಗೊತ್ತಿರೋ ಕಾರಣ ಅವರಿಗೆ ಹೇಳ್ತೀವಿ. ಎರಡು ವರ್ಷ ಕಳೆದ್ರೆ ನಮ್ಮಲ್ಲಿ ಎಷ್ಟೋ ಜನ ಇಂಥವರಿಗೇ ಕೆಲಸ ಹೇಳೋ ಕುರ್ಚಿಯಲ್ಲಿ ಕೂತಿರ್ತೀವಿ. ಆಗ ಹೇಳೋಕೆ ಏನಾದ್ರೂ ಇರಬೇಕಲ್ಲ.

ಕನ್ನಡ ಸಂಘದ ಪಾಲಿಗೂ ಒಂದು ಕೆಲಸ ಇದೆ. ವರ್ಷಕ್ಕೊಮ್ಮೆ ಬಾವುಟ ಹಾರಿಸಿ, ಡ್ಯಾನ್ಸ್ ಮಾಡಿ, ಬಿಸಿಬೇಳೆಬಾತ್ ತಿಂದು ಮನೆಗೆ ಹೋಗ್ತೀವಿ. ಅದು ಇರಲಿ, ನಮಗೂ ಇಷ್ಟ. ಅದರ ಜೊತೆ ಪ್ರತಿ ಬ್ರಾಂಚ್‌ನವರು ತಮ್ಮ ಕೈಗೆಲಸದ ಒಂದು ಪುಟ ಬರೀಲಿ. ಸಿವಿಲ್‌ನವರು ಕಾಂಕ್ರೀಟ್ ಕ್ಯೂರಿಂಗ್ ಬಗ್ಗೆ ಮೇಸ್ತ್ರಿಗೆ, ಎಲೆಕ್ಟ್ರಿಕಲ್‌ನವರು ಅರ್ಥಿಂಗ್ ಬಗ್ಗೆ ವೈರ್‌ಮನ್‌ಗೆ, ಮೆಕ್ಯಾನಿಕಲ್‌ನವರು ಲೇತ್ ಬಗ್ಗೆ ವರ್ಕ್‌ಶಾಪ್ ಅಣ್ಣನಿಗೆ. ಬರೆದ ಮೇಲೆ ಅವರ ಕೈಯಲ್ಲೇ ತಿದ್ದಿಸಲಿ. ತಿದ್ದಿಸ್ಕೊಳ್ಳೋವಾಗ ಸ್ವಲ್ಪ ನಾಚಿಕೆ ಆಗುತ್ತೆ. ನಮಗೂ ಆಯ್ತು. ಒಂದು ಟೀ ಮುಗಿಯೋದ್ರೊಳಗೆ ಹೋಗುತ್ತೆ.

ನಮ್ಮ ಪುಟ ಈಗ ಸೆಮಿನಾರ್ ಹಾಲ್ ರ‍್ಯಾಕ್ ಬಾಗಿಲಿಗೆ ಅಂಟಿಸಿದೆ. ಪಕ್ಕದಲ್ಲಿ ಅಣ್ಣ ಕತ್ತರಿಸಿ ಹಾಕಿದ ಆ ಎರಡು ತುದಿಗಳನ್ನ ದಾರಕ್ಕೆ ಕಟ್ಟಿ ತೂಗು ಹಾಕಿದ್ದೀವಿ. ಹೋಗಿ ಬೆಳಕಿಗೆ ಹಿಡಿದು ನೋಡಿ. ಪುಟದಲ್ಲಿ ತಪ್ಪು ಕಂಡ್ರೆ ಪಕ್ಕದಲ್ಲೇ ಪೆನ್ಸಿಲ್ ಇದೆ, ತಿದ್ದಿ ಹೋಗಿ.